ನದಿಯ ಸಾಲ್ಮನ್‌ಗೆ ಯಾವ ಸ್ಪಿನ್ನರ್? ಓದುಗರ ಪ್ರಶ್ನೆಗಳಿಗೆ ಉತ್ತರ

ಹೊರನಾಡಿನ ಓದುಗರು ಈ ಸಲ ಕಳುಹಿಸಿದ ಪತ್ರಗಳಲ್ಲಿ ಹೆಚ್ಚಿನವು ಸಿಹಿನೀರಿನಲ್ಲಿ ಸಾಲ್ಮನ್ ಹಿಡಿಯುವ ಸ್ಪಿನ್ನರ್‌ಗಳನ್ನು ಕುರಿತವು. ಸ್ಪಿನ್ನರ್ ಎಂದರೆ ಗಟ್ಟಿ ತಂತಿಯೊಂದಕ್ಕೆ ಲೋಹದ ಒಡಲನ್ನೂ, ಅದರ ಮುಂದೆ ಸುತ್ತುವ ತಗಡಿನ ಎಲೆಯನ್ನೂ, ಹಿಂದೆ ಗಾಳವನ್ನೂ ಪೋಣಿಸಿದ ಕೃತಕ ಎರೆ. ಹೊಸ ಓದುಗರಿಗಾಗಿ ಇಷ್ಟು ಹೇಳಿ ನೇರವಾಗಿ ಪತ್ರಗಳಿಗೆ ಬರುತ್ತೇನೆ.

ಪ್ರಶ್ನೆ: ನಾನು ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಡ್ಮಂಡ್‌ನಲ್ಲಿದ್ದೇನೆ. ಕಳೆದ ಅಕ್ಟೋಬರ್‌ನಲ್ಲಿ ಸಹೋದ್ಯೋಗಿಗಳೊಂದಿಗೆ ಸ್ಕೈಕೋಮಿಶ್ ನದಿಗೆ ಕೋಹೊ ಸಾಲ್ಮನ್ ಹಿಡಿಯಲು ಹೋಗಿದ್ದೆ. ಬಣ್ಣ ನೋಡಿ ಹನ್ನೆರಡು ಸ್ಪಿನ್ನರ್ ಕೊಂಡಿದ್ದೆ. ಒಂದಕ್ಕೂ ಮೀನು ಬಾಯಿ ಹಾಕಲಿಲ್ಲ. ಪಕ್ಕದಲ್ಲಿ ನಿಂತವರು ಮಾಸಿದ ಹಿತ್ತಾಳೆಯ ಒಂದೇ ಸ್ಪಿನ್ನರ್‌ನಿಂದ ಎರಡು ಹಿಡಿದರು. ಅಂಗಡಿಯ ಗೋಡೆ ತುಂಬ ನೇತಾಡುವವುಗಳಲ್ಲಿ ಯಾವುದನ್ನು ಆರಿಸಬೇಕು?

ಉತ್ತರ: ಆ ಹಿತ್ತಾಳೆಯಲ್ಲಿ ಮಾಟವೇನೂ ಇರಲಿಲ್ಲ. ಅದು ಮೀನಿರುವ ಆಳದಲ್ಲಿ, ಮೀನಿಗೆ ಸಹಿಸಲಾಗದಷ್ಟು ಹತ್ತಿರದಲ್ಲಿ, ನಿಧಾನವಾಗಿ ಸುತ್ತುತ್ತಿತ್ತು ಎಂದು ನನ್ನ ಊಹೆ. ಸಮುದ್ರದಿಂದ ನದಿಗೆ ಏರಿ ಬರುವ ಪೆಸಿಫಿಕ್ ಸಾಲ್ಮನ್ ಮೊಟ್ಟೆಯಿಡಲು ಬಂದಿರುತ್ತದೆಯೇ ಹೊರತು ಊಟಕ್ಕೆ ಬಂದಿರುವುದಿಲ್ಲ. ಸಿಹಿನೀರು ಸೇರಿದ ಮೇಲೆ ಅದು ಆಹಾರ ಬಿಟ್ಟು, ಸಮುದ್ರದಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆಯೇ ದಿನ ನೂಕುತ್ತದೆ. ಜಠರ ಕ್ರಮೇಣ ಕುಗ್ಗುತ್ತದೆ. ಮೊಟ್ಟೆಯಿಟ್ಟ ಬಳಿಕ ಮೀನು ಸಾಯುತ್ತದೆ. ಹಾಗಿದ್ದೂ ಅದು ಸ್ಪಿನ್ನರ್‌ಗೆ ಬಾಯಿ ಹಾಕುವುದು ಸಿಟ್ಟಿನಿಂದಲೋ, ತನ್ನ ಜಾಗ ಕಾಯುವ ಸ್ವಭಾವದಿಂದಲೋ, ಸಣ್ಣ ಮೀನುಗಳನ್ನು ಬೆನ್ನಟ್ಟಿದ ಹಳೆಯ ರೂಢಿಯಿಂದಲೋ ಇರಬೇಕು. ಹಸಿದ ಮೀನಾದರೆ ದೂರದಿಂದಲೂ ಎರೆಯನ್ನು ಅರಸಿ ಬರುತ್ತದೆ. ಹಸಿವಿಲ್ಲದ ಮೀನಿನ ಮೂಗಿನ ಮುಂದಕ್ಕೆ ಎರೆಯನ್ನು ನಾವೇ ಒಯ್ಯಬೇಕು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ತಿಳಿಯಬೇಕಾದದ್ದು ನೀವು ನಿಲ್ಲುವ ಮಡು ಎಷ್ಟು ಆಳವಿದೆ, ಅಲ್ಲಿ ನೀರು ಎಷ್ಟು ವೇಗವಾಗಿ ಹರಿಯುತ್ತದೆ ಎಂಬುದನ್ನು. ಬಣ್ಣದ ಮಾತು ಆಮೇಲೆ.

ಎಲೆಯ ಆಕಾರವನ್ನು ಮೊದಲು ನೋಡಿ. ಕೊಲೊರಾಡೊ ಎಂದು ಕರೆಯುವ ಎಲೆ ಹೆಚ್ಚುಕಡಿಮೆ ದುಂಡಗಿದ್ದು, ನಡುವೆ ಬಟ್ಟಲಿನಂತೆ ಗುಳಿ ಬಿದ್ದಿರುತ್ತದೆ. ಅದು ತಂತಿಯಿಂದ ದೂರ ಚಾಚಿಕೊಂಡು ಅಗಲವಾಗಿ ಸುತ್ತುವುದರಿಂದ ನೀರನ್ನು ಹೆಚ್ಚು ತಳ್ಳುತ್ತದೆ, ಬಹಳ ನಿಧಾನವಾಗಿ ಎಳೆದರೂ ಸುತ್ತುವುದನ್ನು ನಿಲ್ಲಿಸುವುದಿಲ್ಲ, ಅದರ ಬಡಿತ ಗಾಳದ ಕೋಲನ್ನು ಹಿಡಿದ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ವಿಲೋ ಎಲೆ ಮಾವಿನೆಲೆಯಂತೆ ಉದ್ದವಾಗಿ, ಕಿರಿದಾಗಿದ್ದು, ತಂತಿಗೆ ಅಂಟಿಕೊಂಡಂತೆ ಬಿರುಸಾಗಿ ಸುತ್ತುತ್ತದೆ; ನೀರಿಗೆ ಅಷ್ಟಾಗಿ ಎದುರು ನಿಲ್ಲದ ಕಾರಣ ರಭಸದಲ್ಲಿಯೂ ಮೇಲಕ್ಕೆ ಏಳದೆ ಆಳದಲ್ಲಿ ಉಳಿಯುತ್ತದೆ. ಫ್ರೆಂಚ್ ಮತ್ತು ಇಂಡಿಯಾನಾ ಎಲೆಗಳು ಇವೆರಡರ ನಡುವಿನವು. ಮೀನು ನೀರಿನ ಕಂಪನವನ್ನು ಮೈಯ ಎರಡೂ ಬದಿಗಳಲ್ಲಿರುವ ಪಾರ್ಶ್ವರೇಖೆಯಿಂದ ಗ್ರಹಿಸುತ್ತದೆ. ಹಾಗಾಗಿ ನೀರು ಬಗ್ಗಡವಾಗಿ ಕಣ್ಣಿಗೆ ಕೆಲಸವಿಲ್ಲದಾಗ ದುಂಡು ಎಲೆಯ ಬಡಿತಕ್ಕೆ ಹೆಚ್ಚು ಬೆಲೆ. ಕೋಹೊ ಮೀನುಗಳು ಮುಖ್ಯ ಪ್ರವಾಹವನ್ನು ಬಿಟ್ಟು ದಡದ ಸುಳಿಗಳಲ್ಲಿ, ಬಿದ್ದ ಮರಗಳ ಮರೆಯಲ್ಲಿ, ನಡಿಗೆಯಷ್ಟೂ ವೇಗವಿಲ್ಲದ ನೀರಿನಲ್ಲಿ ತಂಗುವ ಜಾತಿಯಾದ್ದರಿಂದ, ನಿಮಗೆ ದುಂಡು ಎಲೆ ಅಥವಾ ಫ್ರೆಂಚ್ ಎಲೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡನೆಯದು ತೂಕ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಪೊಟ್ಟಣದ ಮೇಲೆ 3, 4, 5 ಎಂದು ಮುದ್ರಿಸಿರುವ ಅಂಕಿ ಎಲೆಯ ಅಳತೆಯೇ ಹೊರತು ತೂಕವಲ್ಲ, ಮತ್ತು ಅದು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೊಂದುವುದೂ ಇಲ್ಲ. ಮೆಪ್ಸ್ ಕಂಪನಿಯ ಆಗ್ಲಿಯಾ ಸ್ಪಿನ್ನರ್‌ನಲ್ಲಿ 4ನೆಯ ಅಳತೆ ಸುಮಾರು 9 ಗ್ರಾಂ, 5ನೆಯದು ಸುಮಾರು 13 ಗ್ರಾಂ ತೂಗುತ್ತದೆ. ಬ್ಲೂ ಫಾಕ್ಸ್ ವೈಬ್ರಾಕ್ಸ್‌ನಲ್ಲಿ 4ನೆಯದೇ 10 ಗ್ರಾಂ ದಾಟುತ್ತದೆ. ದೊಡ್ಡ ದುಂಡು ಎಲೆಗೆ ಹಗುರವಾದ ಒಡಲಿದ್ದರೆ ಸ್ಪಿನ್ನರ್ ಗಾಳಿಪಟದಂತೆ ಮೇಲೇರುತ್ತದೆ. ಮೀನು ತಳಕ್ಕೆ ಅಂಟಿಕೊಂಡಿರುತ್ತದೆ. ಎರಡರ ಭೇಟಿ ಆಗುವುದೇ ಇಲ್ಲ. ನಿಮ್ಮ ಹನ್ನೆರಡೂ ಸ್ಪಿನ್ನರ್‌ಗಳನ್ನು ಅಂಗೈ ಮೇಲಿಟ್ಟು ತೂಗಿ ನೋಡಿ. ಹೆಚ್ಚಿನವು ಒಂದೇ ತೂಕದ ಬೇರೆ ಬೇರೆ ಬಣ್ಣಗಳಾಗಿದ್ದರೆ ಆಶ್ಚರ್ಯಪಡಬೇಡಿ. ಆಳ ಒಂದೂವರೆ ಮೀಟರ್ ಮೀರದ ನಿಧಾನದ ನೀರಿಗೆ 3 ಅಥವಾ 4ನೆಯ ಅಳತೆ ಸಾಕು. ಎರಡು ಮೂರು ಮೀಟರ್ ಆಳದ ಮಡುವಿಗೆ, ಅಥವಾ ಮಳೆ ಬಂದು ನೀರು ಏರಿರುವಾಗ, ಭಾರದ ಒಡಲಿನ 5ನೆಯ ಅಳತೆ ಬೇಕು.

ಆರಿಸಿದ್ದು ಸರಿಯಾಯಿತೋ ಇಲ್ಲವೋ ಎಂಬುದನ್ನು ನೀರೇ ಹೇಳುತ್ತದೆ. ಹೊಳೆಗೆ ಅಡ್ಡಲಾಗಿ, ತುಸು ಮೇಲ್ಮುಖವಾಗಿ ಎಸೆದು, ಸ್ಪಿನ್ನರ್ ತಳ ಸೇರುವವರೆಗೆ ಮನಸ್ಸಿನಲ್ಲಿ ಎಣಿಸಿ, ಬಳಿಕ ಎಲೆ ಸುತ್ತುವುದಕ್ಕೆ ಬೇಕಾದಷ್ಟೇ ವೇಗದಲ್ಲಿ ರೀಲ್ ತಿರುಗಿಸಿ. ಕೆಲವು ಸಲ ತಳದ ಕಲ್ಲು ತಗುಲಿದ ಅನುಭವವಾದರೆ ತೂಕ ಸರಿಯಾಗಿದೆ. ಪ್ರತಿ ಸಲವೂ ಸಿಕ್ಕಿಕೊಂಡರೆ ಹೆಚ್ಚಾಯಿತು. ಒಮ್ಮೆಯೂ ತಾಗದಿದ್ದರೆ ನೀವು ಮೀನಿನ ತಲೆಯ ಮೇಲೆ ಮೆರವಣಿಗೆ ಹೊರಡಿಸುತ್ತಿದ್ದೀರಿ ಎಂದರ್ಥ. ಸ್ಪಿನ್ನರ್ ಕೆಳಮುಖವಾಗಿ ತೂಗಿ ಬಂದು ದಡದ ಕಡೆಗೆ ತಿರುಗುವ ಗಳಿಗೆಯಲ್ಲಿ ಬಹಳಷ್ಟು ಮೀನುಗಳು ಎರಗುತ್ತವೆ, ಆದ್ದರಿಂದ ಆಗ ಅವಸರದಿಂದ ಎಳೆದುಕೊಳ್ಳಬಾರದು.

ಮುಂದಿನ ಋತುವಿಗೆ ಹನ್ನೆರಡು ಬೇಡ. ಬೆಳ್ಳಿ ಲೇಪದ 4 ಮತ್ತು 5, ಹಿತ್ತಾಳೆಯ 4 ಮತ್ತು 5, ತಿಳಿನೀರಿಗಾಗಿ ತಾಮ್ರದ ಒಂದು 3. ಕಲ್ಲಿಗೆ ಸಿಕ್ಕಿ ಕಳೆದುಹೋಗುವುದು ಖಚಿತವಾದ್ದರಿಂದ ಪ್ರತಿಯೊಂದಕ್ಕೂ ಒಂದು ಜೊತೆ. ನಿಮ್ಮ ಭಾಗದ ನದಿಗಳಿಗೆ ಬೆಸ ಸಂಖ್ಯೆಯ ವರ್ಷಗಳ ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಹಿಂಡುಹಿಂಡಾಗಿ ಬರುವ ಪಿಂಕ್ ಸಾಲ್ಮನ್‌ಗೆ ಗುಲಾಬಿ ಬಣ್ಣದ ಚಿಕ್ಕ ಸ್ಪಿನ್ನರ್ ಒಂದನ್ನು ಸೇರಿಸಿಕೊಳ್ಳಬಹುದು. ಸಾಕೈ ಸಾಲ್ಮನ್‌ಗಾಗಿ ಏನನ್ನೂ ಕೊಳ್ಳಬೇಡಿ. ಸಮುದ್ರದಲ್ಲಿ ಬಹುಪಾಲು ನೀರಿನಲ್ಲಿ ತೇಲುವ ಪುಟ್ಟ ಜೀವಿಗಳನ್ನು ಸೋಸಿ ತಿಂದು ಬೆಳೆದ ಆ ಮೀನು ನದಿಯಲ್ಲಿ ಸ್ಪಿನ್ನರ್ ಕಡೆಗೆ ತಿರುಗಿ ನೋಡುವುದೇ ಅಪರೂಪ.

ಪ್ರಶ್ನೆ: ಕೆನಡಾದ ಸರ್ರೆಯಿಂದ ಬರೆಯುತ್ತಿದ್ದೇನೆ. ವೆಡ್ಡರ್ ನದಿಯ ನೀರು ಒಂದು ವಾರ ಗಾಜಿನಂತಿದ್ದರೆ ಮಳೆ ಬಂದ ಮರುದಿನ ಹಾಲು ಬೆರೆಸಿದ ಚಹಾದಂತಾಗುತ್ತದೆ. ಬಣ್ಣ ಮುಖ್ಯವಲ್ಲ ಎಂದು ಕೆಲವರು, ಬಣ್ಣವೇ ಎಲ್ಲ ಎಂದು ಕೆಲವರು ಹೇಳುತ್ತಾರೆ. ನಿಜ ಯಾವುದು?

ಉತ್ತರ: ಬಣ್ಣ ಮುಖ್ಯವೇ, ಆದರೆ ಮೂರನೆಯ ಸ್ಥಾನದಲ್ಲಿ. ಆಳವೂ ವೇಗವೂ ಸರಿಹೋದ ಮೇಲೆ ಮೀನಿಗೆ ಎಷ್ಟು ಹೊಳಪನ್ನು ತೋರಿಸಬೇಕು ಎಂಬುದೇ ಬಣ್ಣದ ಪ್ರಶ್ನೆ. ಎಲೆಗೆ ಬಳಿಯುವ ಲೇಪಗಳಲ್ಲಿ ಶುದ್ಧ ಬೆಳ್ಳಿಯದು ಅತಿ ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ. ನಿಕ್ಕಲ್ ಅದಕ್ಕಿಂತ ಮಂಕು. ಹಿತ್ತಾಳೆ ಹೊಂಬಣ್ಣದ ಮೃದು ಹೊಳಪು. ತಾಮ್ರ ಇನ್ನೂ ಕಡಿಮೆ. ಕಪ್ಪು ಎಲೆ ಹೊಳೆಯುವುದೇ ಇಲ್ಲ, ಆಕಾಶದ ಬೆಳಕಿಗೆ ಎದುರಾಗಿ ನೆರಳಿನಂತೆ ಕಾಣುತ್ತದೆ. ನೀರು ಕದಡಿದ್ದರೆ, ಮೋಡ ಮುಸುಕಿದ್ದರೆ, ಬೆಳಗಿನ ಮೊದಲ ಬೆಳಕಾಗಿದ್ದರೆ ಬೆಳ್ಳಿಯ ದೊಡ್ಡ ಎಲೆಯನ್ನು ಕಟ್ಟಿ; ಒಡಲಿನ ಮೇಲೆ ಕಿತ್ತಳೆ ಅಥವಾ ಗಿಣಿಹಸಿರು ಇದ್ದರೆ ಒಳ್ಳೆಯದು. ನೀರು ತಿಳಿಯಾಗಿ ಬಿಸಿಲು ನೇರ ಬೀಳುತ್ತಿದ್ದರೆ ಅದೇ ಬೆಳ್ಳಿ ಕನ್ನಡಿ ಹಿಡಿದಂತಾಗಿ ಮೀನನ್ನು ಬೆದರಿಸಬಹುದು, ಆಗ ತಾಮ್ರ ಅಥವಾ ಕಪ್ಪಿನ ಚಿಕ್ಕ ಎಲೆಗೆ ಇಳಿಯುವುದು ಜಾಣತನ. ನಡುವಿನ ಎಲ್ಲ ದಿನಗಳಿಗೂ ಹಿತ್ತಾಳೆ. ನಿಮ್ಮ ವೆಡ್ಡರ್‌ನಲ್ಲಿ ಮಳೆಯ ಮರುದಿನಕ್ಕಿಂತ, ನೀರು ಇಳಿಯುತ್ತ ಬಗ್ಗಡ ಹೋಗಿ ತಿಳಿ ಹಸಿರಿಗೆ ತಿರುಗುವ ದಿನ ಉತ್ತಮ. ಬೂಟಿನ ಮುಂತುದಿ ಮೊಣಕಾಲಿನಷ್ಟು ನೀರಿನಲ್ಲಿ ಕಾಣುತ್ತದೆಯೇ ಎಂದು ನೋಡಿ ನಾನು ಎಲೆಯನ್ನು ಆರಿಸುತ್ತೇನೆ. ಕಾಣದಿದ್ದರೆ ಬೆಳ್ಳಿ, ಮಸುಕಾಗಿ ಕಂಡರೆ ಹಿತ್ತಾಳೆ.

ಒಂದು ಜಾಗದಲ್ಲಿ ಹತ್ತು ಹದಿನೈದು ಸಲ ಎಸೆದರೂ ಪ್ರತಿಕ್ರಿಯೆ ಬಾರದಿದ್ದರೆ ಬಣ್ಣ ಬದಲಾಯಿಸಿ, ಆಮೇಲೆ ಅಳತೆಯನ್ನು ಬದಲಾಯಿಸಿ, ಅದಕ್ಕೂ ಮೀನು ಒಪ್ಪದಿದ್ದರೆ ಜಾಗವನ್ನೇ ಬದಲಾಯಿಸಿ. ಒಂದೇ ಬಂಡೆಯ ಮೇಲೆ ನಿಂತು ಡಬ್ಬಿಯ ಇಪ್ಪತ್ತು ಬಣ್ಣಗಳನ್ನೂ ಪರೀಕ್ಷಿಸುವವರನ್ನು ನಾನು ಬಹಳ ಕಂಡಿದ್ದೇನೆ. ಅವರ ಮುಂದೆ ಮೀನೇ ಇರುವುದಿಲ್ಲ. ಹಿತ್ತಾಳೆ, ತಾಮ್ರಗಳು ಕಿಲುಬು ಹಿಡಿದರೆ ಎಸೆಯಬೇಡಿ. ಮನೆಯಲ್ಲಿ ದೀಪದ ಕಂಬ ಬೆಳಗುವಂತೆ ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆದರೆ ಹೊಸದರಂತಾಗುತ್ತವೆ; ಅರ್ಧ ಡಬ್ಬಿಯನ್ನು ಬೆಳಗಿ, ಅರ್ಧವನ್ನು ಮಾಸಿದಂತೆಯೇ ಬಿಟ್ಟರೆ ದುಡ್ಡಿಲ್ಲದೆ ಎರಡು ಬಗೆಯ ಹೊಳಪು ದೊರೆಯುತ್ತದೆ. ಬೆಳ್ಳಿ ಲೇಪವನ್ನು ಮಾತ್ರ ಹೀಗೆ ಉಜ್ಜಬಾರದು, ಅದು ತೆಳುವಾದದ್ದು, ಸವೆದುಹೋಗುತ್ತದೆ.

ಪ್ರಶ್ನೆ: ಪೋರ್ಟ್‌ಲೆಂಡ್‌ನಲ್ಲಿರುವ ನನಗೆ ಎರಡು ತೊಂದರೆಗಳು. ಮೀನು ತಾಗುತ್ತದೆ, ಎರಡು ಕ್ಷಣ ಒದ್ದಾಡಿ ಬಿಡಿಸಿಕೊಂಡು ಹೋಗುತ್ತದೆ. ಜೊತೆಗೆ ಮಧ್ಯಾಹ್ನದ ಹೊತ್ತಿಗೆ ದಾರವೆಲ್ಲ ಹುರಿಗೊಂಡು ಗಂಟಾಗುತ್ತದೆ. ಸ್ಪಿನ್ನರ್‌ನದೇ ದೋಷವೇ?

ಉತ್ತರ: ಅಂಗಡಿಯಿಂದ ಬರುವ ಹೆಚ್ಚಿನ ಸ್ಪಿನ್ನರ್‌ಗಳಿಗೆ ಮೂರು ಕವಲಿನ ಗಾಳವಿರುತ್ತದೆ. ಸಾಲ್ಮನ್, ಅದರಲ್ಲಿಯೂ ಕೋಹೊ, ಸಿಕ್ಕಿಬಿದ್ದೊಡನೆ ನೀರಿನಲ್ಲಿ ಉರುಳಾಡುತ್ತದೆ. ಆಗ ಒಂದು ಕವಲು ಇನ್ನೊಂದಕ್ಕೆ ಮೀಟುಗೋಲಿನಂತೆ ಒತ್ತಿ ಎರಡನ್ನೂ ಬಿಡಿಸುತ್ತದೆ. ಅದನ್ನು ತೆಗೆದು, ಸೈವಾಶ್ ಎಂಬ, ಪೋಣಿಸುವ ಕಣ್ಣು ತೆರೆದೇ ಇರುವ ಒಂಟಿ ಗಾಳವನ್ನು ಹಾಕಿ, ಇಕ್ಕಳದಿಂದ ಕಣ್ಣನ್ನು ಮುಚ್ಚಿ. 4ನೆಯ ಅಳತೆಯ ಎಲೆಗೆ 1/0, 5ನೆಯದಕ್ಕೆ 2/0 ಅಥವಾ 3/0 ಅಳತೆಯ ಗಾಳ ಹೊಂದುತ್ತದೆ. ಮೊನೆ ಹೆಬ್ಬೆರಳಿನ ಉಗುರಿನ ಮೇಲೆ ಜಾರದೆ ಕಚ್ಚಿಕೊಳ್ಳಬೇಕು. ಜಾರಿದರೆ ಅರದಿಂದ ಮಸೆಯಿರಿ. ತಳದ ಕಲ್ಲಿಗೆ ತಾಗಿ ತಾಗಿ ಮೊನೆ ಮೊಂಡಾಗುವುದರಿಂದ ದಿನಕ್ಕೆ ಮೂರು ನಾಲ್ಕು ಸಲವಾದರೂ ಈ ಪರೀಕ್ಷೆ ಅಗತ್ಯ. ಹಿಮ್ಮುಳ್ಳಿಲ್ಲದ, ಎಂದರೆ ಮೊನೆಯ ಬಳಿ ಹಿಂದಕ್ಕೆ ಚಾಚಿದ ಮುಳ್ಳಿಲ್ಲದ, ಗಾಳವನ್ನು ಹಲವು ನದಿಗಳಲ್ಲಿ ಕಾನೂನೇ ಕೇಳುತ್ತದೆ. ಬ್ರಿಟಿಷ್ ಕೊಲಂಬಿಯಾದ ಹೊಳೆಗಳಲ್ಲಿ ಹಿಮ್ಮುಳ್ಳಿಲ್ಲದ ಒಂಟಿ ಗಾಳಕ್ಕೆ ಮಾತ್ರ ಅವಕಾಶ. ದಾರ ಸಡಿಲವಾಗದಂತೆ ನೋಡಿಕೊಂಡರೆ ಹಿಮ್ಮುಳ್ಳಿಲ್ಲದ್ದರಿಂದ ನಷ್ಟವೇನಿಲ್ಲ. ಮೊದಲ ತಟ್ಟಿಗೇ ಕೋಲನ್ನು ಜಗ್ಗುವ ಅಭ್ಯಾಸವಿದ್ದರೆ ಬಿಡಿ. ಮೀನಿನ ಭಾರ ಕೈಗೆ ಬಂದ ಮೇಲೆ ಎತ್ತಿದರೆ ಸಾಕು.

ದಾರ ಹುರಿಗೊಳ್ಳುವುದು ಸ್ಪಿನ್ನರ್‌ನ ಹುಟ್ಟುಗುಣ. ಎಲೆ ಒಂದೇ ದಿಕ್ಕಿನಲ್ಲಿ ಸುತ್ತುತ್ತ ಒಡಲನ್ನೂ ತನ್ನೊಡನೆ ತಿರುಗಿಸಲು ನೋಡುತ್ತದೆ. ಸ್ಪಿನ್ನರ್‌ಗಿಂತ ಅರ್ಧ ಮೀಟರ್ ಮೇಲೆ ಬಾಲ್ ಬೇರಿಂಗ್ ಇರುವ ಸ್ವಿವೆಲ್, ಎಂದರೆ ತಿರುಗುವ ಕೊಂಡಿ, ಒಂದನ್ನು ಕಟ್ಟಿ. ಅಗ್ಗದ ಹಿತ್ತಾಳೆ ಸ್ವಿವೆಲ್ ಭಾರ ಬಿದ್ದಾಗ ತಿರುಗುವುದಿಲ್ಲ. ಹೆಣೆದ ದಾರ ಬಳಸುವವರಾದರೆ ಸ್ವಿವೆಲ್‌ನಿಂದ ಕೆಳಗೆ 15 ಪೌಂಡ್ ಭಾರ ತಾಳುವ ಪಾರದರ್ಶಕ ದಾರವಿರಲಿ.

ಪ್ರಶ್ನೆ: ಕೆನಡಾದ ಮಿಸ್ಸಿಸಾಗಾದ ನಮ್ಮ ಮನೆಯಿಂದ ಕ್ರೆಡಿಟ್ ನದಿ ಹತ್ತಿರ. ಸೆಪ್ಟೆಂಬರ್‌ನಲ್ಲಿ ಅಲ್ಲಿ ದೊಡ್ಡ ಚಿನೂಕ್ ಸಾಲ್ಮನ್‌ಗಳು ಕಣ್ಣೆದುರೇ ಈಜುತ್ತವೆ, ಆದರೆ ಸ್ಪಿನ್ನರ್ ಎಸೆದರೆ ಪಕ್ಕಕ್ಕೆ ಸರಿಯುತ್ತವೆ. ಏಕೆ?

ಉತ್ತರ: ನಿಮ್ಮಲ್ಲಿಯ ಮೀನು ಉಪ್ಪುನೀರನ್ನೇ ಕಂಡಿಲ್ಲದ ಸಾಲ್ಮನ್. ಕ್ರೆಡಿಟ್ ಹೋಗಿ ಸೇರುವ ಒಂಟಾರಿಯೊ ಸರೋವರದ ಮೂಲನಿವಾಸಿ ಅಟ್ಲಾಂಟಿಕ್ ಸಾಲ್ಮನ್ 19ನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿಂದ ಕಣ್ಮರೆಯಾಗಿತ್ತು. ಮಹಾಸರೋವರಗಳಲ್ಲಿ ಮಿತಿಮೀರಿ ಬೆಳೆದಿದ್ದ ಅಲ್‌ವೈಫ್ ಎಂಬ ಸಣ್ಣ ಮೀನನ್ನು ತಿನ್ನಲೆಂದು 1966ರಲ್ಲಿ ಮಿಶಿಗನ್ ರಾಜ್ಯ ಪೆಸಿಫಿಕ್ ತೀರದ ಕೋಹೊ ಮರಿಗಳನ್ನೂ, 1967ರಲ್ಲಿ ಚಿನೂಕ್ ಮರಿಗಳನ್ನೂ ಬಿಟ್ಟಿತು. ಪ್ರಯೋಗ ಫಲಿಸಿ ಇತರ ಸರೋವರಗಳಿಗೂ ಹಬ್ಬಿತು. ಇವುಗಳಿಗೆ ಸರೋವರವೇ ಸಮುದ್ರ. ಶರತ್ಕಾಲದಲ್ಲಿ ನದಿಯೇರುವ, ಊಟ ಬಿಡುವ, ಮೊಟ್ಟೆಯಿಟ್ಟು ಸಾಯುವ ಕ್ರಮ ಮಾತ್ರ ಬದಲಾಗಿಲ್ಲ.

ಸರೋವರ ಬಿಟ್ಟು ಈಗಷ್ಟೇ ನದಿಯ ಬಾಯಿಗೆ ಬಂದ, ಬೆಳ್ಳಿಮೈ ಮಾಸದ ಚಿನೂಕ್‌ಗೆ ಇನ್ನೂ ಕೆಣಕಿದರೆ ಕೆರಳುವ ಗುಣವಿರುತ್ತದೆ. ಸೂರ್ಯೋದಯಕ್ಕೆ ಮುನ್ನ, ಅಳಿವೆಯ ಆಳದ ನೀರಿನಲ್ಲಿ, ಬೆಳ್ಳಿಯ 5 ಅಥವಾ 6ನೆಯ ಅಳತೆಯ ಭಾರದ ಸ್ಪಿನ್ನರ್ ಅಲ್ಲಿ ನಡೆಯುತ್ತದೆ. ಮೊಣಕಾಲುದ್ದದ ತಿಳಿನೀರಿನಲ್ಲಿ ಕಣ್ಣಿಗೆ ಕಾಣುವಂತೆ ಈಜುವ ಕಂದುಬಣ್ಣದ ಮೀನು ನಿಮ್ಮನ್ನೂ ಕಂಡಿರುತ್ತದೆ. ಅದಕ್ಕೆ ದೊಡ್ಡ ಎಲೆ ಎಸೆಯುವುದು ಬಾಗಿಲ ಬಳಿ ತಮಟೆ ಬಡಿದಂತೆ. ತಾಮ್ರದ 3ನೆಯ ಅಳತೆಯನ್ನು, ಮಡುವಿನ ತಲೆಯಲ್ಲಿ ನೊರೆ ಕಟ್ಟುವ ಕಡೆ ಪ್ರಯತ್ನಿಸಬಹುದು. ಆದರೆ ಅಂತಹ ಸಣ್ಣ ನದಿಯಲ್ಲಿ ಚಿನೂಕ್‌ಗೆ ಸ್ಪಿನ್ನರ್ ಮೊದಲ ಆಯ್ಕೆಯಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅಲ್ಲಿ ಅನುಭವಿಗಳು ಮೀನಿನ ಮೊಟ್ಟೆಗಳ ಪುಟ್ಟ ಪೊಟ್ಟಣವನ್ನೇ ತೇಲಿಬಿಡುತ್ತಾರೆ. ಬಾಲದಿಂದ ಜಲ್ಲಿಯನ್ನು ಕೆದರಿ ಮೊಟ್ಟೆಯಿಡುತ್ತಿರುವ ಜೋಡಿಗಳಿಗೆ ಯಾವ ಎರೆಯನ್ನೂ ಎಸೆಯಬೇಡಿ, ಆ ಜಲ್ಲಿಯ ಮೇಲೆ ಕಾಲಿಟ್ಟು ನಡೆಯಲೂಬೇಡಿ. ಕ್ರೆಡಿಟ್‌ನಲ್ಲಿ ಅಟ್ಲಾಂಟಿಕ್ ಸಾಲ್ಮನ್ ಅನ್ನು ಮರಳಿ ನೆಲೆಗೊಳಿಸುವ ಪ್ರಯತ್ನ ನಡೆದಿರುವುದರಿಂದ ಜಾತಿ ಗುರುತಿಸಲು ಕಲಿಯಿರಿ: ಚಿನೂಕ್‌ನ ಬಾಯಿಯೂ ವಸಡೂ ಕಪ್ಪು, ಕೋಹೊದ ಬಾಯಿ ಗಾಢವಾಗಿದ್ದರೂ ಹಲ್ಲಿನ ಬುಡದ ವಸಡು ಬಿಳಿಚು, ಅಟ್ಲಾಂಟಿಕ್‌ನ ಬಾಯಿ ಬಿಳಿ.

ಪ್ರಶ್ನೆ: ಡಬ್ಲಿನ್‌ನಿಂದ ಸ್ನೇಹಿತರೊಂದಿಗೆ ಬಲಿನಾ ಊರಿನ ಮೋಯ್ ನದಿಗೆ ಹೋಗುವ ಯೋಜನೆಯಿದೆ. ಇಲ್ಲಿಯ ಅಂಗಡಿಯವರು ಫ್ಲೈಯಿಂಗ್ ಸಿ ಎಂಬುದನ್ನೇ ಕೊಳ್ಳಿ ಎನ್ನುತ್ತಾರೆ. ಅದು ಬೇರೆ ಸ್ಪಿನ್ನರ್‌ಗಿಂತ ಹೇಗೆ ಭಿನ್ನ?

ಉತ್ತರ: ಅಂಗಡಿಯವರು ಈ ಸಲ ಸರಿಯಾಗಿಯೇ ಹೇಳಿದ್ದಾರೆ. ಫ್ಲೈಯಿಂಗ್ ಸಿ ಎಂದರೆ ಭಾರವಾದ ಲೋಹದ ಒಡಲಿನ ಮೇಲೆ ಮೆತ್ತನೆಯ ರಬ್ಬರ್ ಕೊಳವೆ ತೊಡಿಸಿ, ಅದರ ಹಿಂತುದಿಯನ್ನು ಸೀಳುಸೀಳಾಗಿ ಬಿಟ್ಟಿರುವ ಸ್ಪಿನ್ನರ್. ಎಲೆ ಸುತ್ತುವಾಗ ಆ ಸೀಳುಗಳು ಅಲುಗಾಡಿ ಜೀವವಿರುವಂತೆ ಕಾಣುತ್ತವೆ. ಒಡಲು ಭಾರವಾದ್ದರಿಂದ ಏರಿದ ಹೊಳೆಯಲ್ಲಿಯೂ ಬೇಗ ಇಳಿಯುತ್ತದೆ. ಅಟ್ಲಾಂಟಿಕ್ ಸಾಲ್ಮನ್ ಕೂಡ ಸಿಹಿನೀರಿನಲ್ಲಿ ಉಣ್ಣದು, ಆದರೆ ಮೊಟ್ಟೆಯಿಟ್ಟ ಮೇಲೆ ಎಲ್ಲವೂ ಸಾಯುವುದಿಲ್ಲ. ಕೆಲವು ಸಮುದ್ರಕ್ಕೆ ಮರಳಿ ಮತ್ತೆ ಬರುತ್ತವೆ. ವಸಂತಕಾಲದ ತಣ್ಣನೆಯ, ತುಂಬಿದ ನೀರಿಗೆ 15 ಗ್ರಾಂನಿಂದ 20 ಗ್ರಾಂವರೆಗಿನ ಕೆಂಪು ಅಥವಾ ಕಪ್ಪು ಬಣ್ಣದ್ದನ್ನು ಒಯ್ಯಿರಿ. ಬೇಸಗೆಯಲ್ಲಿ ನೀರು ಇಳಿದಾಗ ಅದು ತಳಕ್ಕೆ ಕಲ್ಲಿನಂತೆ ಬೀಳುತ್ತದೆ. ಆಗ 2 ಅಥವಾ 3ನೆಯ ಅಳತೆಯ ಸಾಧಾರಣ ಸ್ಪಿನ್ನರ್ ಸಾಕು. ನೆರೆ ಬಂದು ಇಳಿಯಲು ತೊಡಗಿದ ಮೊದಲ ದಿನ ಎರಡಕ್ಕೂ ಒಳ್ಳೆಯದು.

ಐರ್ಲೆಂಡಿನಲ್ಲಿ ಸಾಲ್ಮನ್ ಹಿಡಿಯಲು ಸರ್ಕಾರದ ಪರವಾನಗಿ ಕಡ್ಡಾಯ. ಅದರೊಂದಿಗೆ ಕೊಡುವ ಗುರುತಿನ ಪಟ್ಟಿಯನ್ನು (ಟ್ಯಾಗ್), ಇಟ್ಟುಕೊಳ್ಳುವ ಪ್ರತಿ ಮೀನಿಗೂ ಕಟ್ಟಿ, ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಪ್ರತಿ ನದಿಯನ್ನೂ ಮೀನು ಇಟ್ಟುಕೊಳ್ಳಬಹುದಾದದ್ದು, ಹಿಡಿದು ಬಿಡಬೇಕಾದದ್ದು, ಮುಚ್ಚಿದ್ದು ಎಂದು ವರ್ಷವರ್ಷವೂ ವಿಂಗಡಿಸುತ್ತಾರೆ. ಹಿಡಿದು ಬಿಡುವ ನದಿಗಳಲ್ಲಿ ಹಿಮ್ಮುಳ್ಳಿಲ್ಲದ ಒಂಟಿ ಅಥವಾ ಜೋಡಿ ಗಾಳ ಮಾತ್ರ ನಡೆಯುತ್ತದೆ. ಅಂಗಡಿಯ ಫ್ಲೈಯಿಂಗ್ ಸಿಗೆ ಮೂರು ಕವಲಿನ ಗಾಳವೇ ಬಂದಿರುವುದು ಸಾಮಾನ್ಯ, ಆದ್ದರಿಂದ ಹೊರಡುವ ಹಿಂದಿನ ರಾತ್ರಿಯೇ ಅದನ್ನು ಬದಲಾಯಿಸಿಕೊಳ್ಳಿ.

ಪ್ರಶ್ನೆ: ಶ್ರೀರಂಗಪಟ್ಟಣದವನು. ಮಗ ಅಮೆರಿಕದಿಂದ ಸಾಲ್ಮನ್ ಸ್ಪಿನ್ನರ್‌ಗಳ ಡಬ್ಬಿ ತಂದುಕೊಟ್ಟಿದ್ದಾನೆ. ಕಾವೇರಿಯಲ್ಲಿ ಉಪಯೋಗವಾಗುತ್ತವೆಯೇ? ಮಂಗಳೂರಿನಲ್ಲಿ ಮಾರುವ ಇಂಡಿಯನ್ ಸಾಲ್ಮನ್ ಇದೇ ಮೀನೇ?

ಉತ್ತರ: ಕಾವೇರಿಯಲ್ಲಿ ಸಾಲ್ಮನ್ ಇಲ್ಲ; ಅದು ತಣ್ಣೀರಿನ ಮೀನು. ನಮ್ಮ ಬಿಳಿಮೀನು, ಎಂದರೆ ಮಹಶೀರ್, ರಾಗಿ ಮುದ್ದೆಯ ಉಂಡೆಗೆ ಹೆಸರಾಗಿದ್ದರೂ ಸುತ್ತುವ ತಗಡಿಗೂ ಎರಗುವ ಮೀನೇ. ಆದರೆ ಭೀಮೇಶ್ವರಿ, ಗಾಳಿಬೋರೆಗಳಂತಹ ಅದರ ಹೆಸರಾಂತ ಮಡುಗಳು ಕಾವೇರಿ ವನ್ಯಜೀವಿಧಾಮದ ಒಳಗಿವೆ, ಅಲ್ಲಿ ಗಾಳ ಹಾಕುವಂತಿಲ್ಲ. ಉಳಿದ ಕಡೆ ಮೀನುಗಾರಿಕೆ ಇಲಾಖೆಯ ಅನುಮತಿ ವಿಚಾರಿಸಿ, ಡಬ್ಬಿಯಲ್ಲಿ 3ನೆಯ ಅಳತೆಗಿಂತ ಚಿಕ್ಕದಿದ್ದರೆ ಅದನ್ನು ಕೆರೆಯ ಕೊರವ ಮೀನಿಗೆ ಪ್ರಯತ್ನಿಸಬಹುದು. ಮಂಗಳೂರಿನ ಅಂಗಡಿಗಳಲ್ಲಿ ಇಂಡಿಯನ್ ಸಾಲ್ಮನ್ ಎಂದು ಮಾರುವುದು ಕಡಲತೀರದ ರಾವಸ್. ಸಾಲ್ಮನ್‌ಗೂ ಅದಕ್ಕೂ ಸಂಬಂಧವಿಲ್ಲ, ಬ್ರಿಟಿಷರ ಕಾಲದಿಂದ ಹೆಸರು ಅಂಟಿಕೊಂಡಿರಬೇಕು.